ತೊಂಬತ್ತರ ಆಸುಪಾಸಿನವರಿಗೆ ಮತ್ತು ಕೊಡುವಾಗ

ಮತ್ತು ಕೊಟ್ಟು ಮಲಗಿಸುವುದನ್ನು ಕಲಿಯಬಹುದು. ಎಬ್ಬಿಸುವುದನ್ನೂ ಕಲಿಯಬಹುದು. ಆದರೆ ಮಲಗಿದವರೇ ಎದ್ದು ಬರುತ್ತಾರೋ, ಅವರ ಹೆಸರಿನಲ್ಲಿ ಬೇರೆ ಯಾರೋ ಎದ್ದು ಕೂರುತ್ತಾರೋ ಎಂಬ ಭಯವೊಂದಿದೆಯಲ್ಲ, ಅದನ್ನು ಹೊತ್ತುಕೊಂಡೇ ಕೈ ನಡುಗದಂತೆ ಕೆಲಸ ಮಾಡುವುದನ್ನು ಕಲಿಯಲು ನನಗೆ ಇಡೀ ಸರ್ವಿಸ್ ಬೇಕಾಯಿತು. ರಿಟೈರ್ ಆಗಿ ಅವಲಪಲ್ಲಿಯ ಈ ಪುಟ್ಟ ಮನೆಯಲ್ಲಿ ಕೂತ ಮೇಲೂ, ಮಧ್ಯಾಹ್ನದ ನಿದ್ದೆಯಿಂದ ಎಚ್ಚರವಾದಾಗ ನನ್ನ ಬೆರಳುಗಳು ಯಾರದೋ ನಾಡಿಯನ್ನು ಹುಡುಕುತ್ತಿರುತ್ತವೆ. ಸಿಲ್ಲಿ, ಐ ನೋ.

ಹೊಸದಾಗಿ ಅನಸ್ತೀಸಿಯಾ ವಿಭಾಗಕ್ಕೆ ಬರುವ ಹುಡುಗ ಹುಡುಗಿಯರು ಆಗೀಗ ನನ್ನನ್ನು ನೋಡಲು ಬರುತ್ತಾರೆ. ಯಾವ ಡ್ರಗ್, ಎಷ್ಟು ಡೋಸ್ ಎಂದು ಕೇಳುತ್ತಾರೆ. ಅದೆಲ್ಲ ಪುಸ್ತಕದಲ್ಲಿದೆ, ಮೈ ಡಿಯರ್ಸ್, ನಿಮ್ಮ ಫೋನಿನಲ್ಲೂ ಇದೆ. ನಾನು ಬರೆಯಬೇಕೆಂದಿರುವುದು ಕ್ಯಾನ್ಸರ್ ಆಪರೇಷನ್ನಿಗೆ ಬರುತ್ತಿದ್ದ ತೀರಾ ವಯಸ್ಸಾದವರ ಬಗ್ಗೆ. ಎಂಬತ್ತೈದು, ತೊಂಬತ್ತು, ಸರಿಯಾಗಿ ಎಷ್ಟೆಂದು ಅವರಿಗೇ ಗೊತ್ತಿಲ್ಲದವರು. ಅವರ ಜೊತೆ ಅಟೆಂಡರ್ ಎಂದು ಬರುವ ಮಗನಿಗೇ ಮಂಡಿನೋವು, ಸೊಸೆಗೆ ಶುಗರ್. ಒಬ್ಬ ಪೇಷೆಂಟ್ ಎಂದು ಅಡ್ಮಿಟ್ ಮಾಡಿಕೊಂಡರೆ ಮೂರು ಜನರ ಬಿಪಿ ನೋಡಬೇಕಾಗುತ್ತಿತ್ತು.

ನಾನು ಓದಿದ್ದು ಬೆಂಗಳೂರಿನ ಕಾನ್ವೆಂಟಿನಲ್ಲಿ. ಕಾರಿಡಾರಿನಲ್ಲಿ ಕನ್ನಡ ಮಾತಾಡಿದರೆ ಸಿಸ್ಟರ್ ಕಣ್ಣು ಬಿಡುತ್ತಿದ್ದರು. ಹೊಸೂರಿನ ಖಾಸಗಿ ಆಸ್ಪತ್ರೆಗೆ ಬಂದು ಸೇರಿದಾಗ ನನ್ನ ಕನ್ನಡ ಇಸ್ತ್ರಿ ಮಾಡಿ ಬೀರುವಿನಲ್ಲಿಟ್ಟ ಸೀರೆಯಂತಿತ್ತು, ಉಟ್ಟು ರೂಢಿಯಿರಲಿಲ್ಲ. ಅದನ್ನು ಉಡಿಸಿ ಸುಕ್ಕು ಬೀಳಿಸಿದವರು ನನ್ನ ಪೇಷೆಂಟ್‌ಗಳು. ‘ಮಯಕ್ಕದ ಡಾಕ್ಟ್ರಮ್ಮ’ ಎಂದು ನನಗೆ ಹೆಸರಿಟ್ಟರು. ತಮಿಳಿನವರು ಮತ್ತಿಗೆ ಮಯಕ್ಕ ಎನ್ನುತ್ತಾರೆ, ಡಾಕ್ಟ್ರಮ್ಮ ನಮ್ಮದು. ಎರಡೂ ಸೇರಿ ನಾನಾದೆ.

ನಮ್ಮ ಚೀಫ್ ಸರ್ಜನ್ ಸೆಲ್ವರಾಜ್. ಬಂಗಾರದಂಥ ಕೈ, ಮೆಣಸಿನಕಾಯಿಯಂಥ ಬಾಯಿ. ಮೊದಲ ವರ್ಷಗಳಲ್ಲಿ ಅವರದು ಒಂದೇ ಲೆಕ್ಕ: ಎಂಬತ್ತು ದಾಟಿದ್ದರೆ ಆಪರೇಷನ್ ಇಲ್ಲ, ಮನೆಗೆ ಕರೆದುಕೊಂಡು ಹೋಗಿ. ಆಮೇಲೆ ಒಳ್ಳೆಯ ಮಾನಿಟರ್ ಬಂತು, ಐಸಿಯು ಬಂತು, ಬೆನ್ನಿಗೆ ಸಣ್ಣ ಟ್ಯೂಬ್ ಇಟ್ಟು ನೋವು ತಡೆಯುವ ವಿಧಾನ ಬಂತು. ಚೀಫ್ ಧೈರ್ಯಸ್ಥರಾದರು. ಈಗ ಎಂಬತ್ತು ದಾಟಿದವರನ್ನೂ ಟೇಬಲ್ಲಿಗೆ ತರತೊಡಗಿದರು. ನನ್ನ ಆತಂಕ ಅಲ್ಲಿಂದ ಶುರುವಾಯಿತು ಎನ್ನಬಹುದು.

ಕೆಲಮಂಗಲದ ಮೇಷ್ಟ್ರೊಬ್ಬರನ್ನು ನಾನು ಮರೆಯುವುದಿಲ್ಲ. ಜಠರದ ಕ್ಯಾನ್ಸರ್. ವಾರ್ಡಿಗೆ ಬಂದ ದಿನ ನನ್ನ ಇಂಗ್ಲಿಷ್ ಗ್ರಾಮರ್ ತಿದ್ದಿದ್ದರು. ಆಪರೇಷನ್ ಚೆನ್ನಾಗಿ ಆಯಿತು, ಗಾಯ ಗೆರೆ ಎಳೆದಂತೆ ಮಾಗಿತು. ಚೀಫ್ ಜೂನಿಯರ್‌ಗಳನ್ನೆಲ್ಲ ಕರೆದು ತೋರಿಸಿದರು. ಆದರೆ ಮೇಷ್ಟ್ರು ಯಾರನ್ನೂ ಗುರುತಿಸಲಿಲ್ಲ. ಕಾಲು ಕೆಳಗಿಡಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿ, ಕೊಟ್ಟರೆ ತಿಂದರು, ಕೊಡದಿದ್ದರೆ ಇಲ್ಲ. ಅವರ ಕನ್ನಡಕ, ಕಿವಿಯ ಯಂತ್ರ, ಹಲ್ಲಿನ ಸೆಟ್ಟು ಮೂರೂ ಆಪರೇಷನ್ ದಿನ ಬಿಚ್ಚಿಟ್ಟಿದ್ದು, ಕಪಾಟಿನಲ್ಲಿ ಪ್ಲಾಸ್ಟಿಕ್ ಕವರಿನೊಳಗೇ ಇದ್ದವು. ಕಣ್ಣಿಲ್ಲ, ಕಿವಿಯಿಲ್ಲ, ಮಾತಾಡಲು ಹಲ್ಲಿಲ್ಲ. ಮನುಷ್ಯ ಯಾವ ದಾರಿಯಲ್ಲಿ ವಾಪಸ್ ಬರಬೇಕು? ಡಿಸ್ಚಾರ್ಜ್ ದಿನ ಅವರ ಹೆಂಡತಿ ಚೀಫ್ ಮುಂದೆ ನಿಂತು, ದನಿ ಏರಿಸದೆ, “ಸಾರ್, ನಾನ್ ಕರ್ಕಂಡ್ ಬಂದೋರು ಇವ್ರಲ್ಲ. ಅವ್ರನ್ನ ಎಲ್ಲಿಟ್ಟಿದ್ದೀರಾ?” ಎಂದರು.

ನಮ್ಮ ರಿಜಿಸ್ಟರಿನಲ್ಲಿ ಅದು ಸಕ್ಸಸ್.

ಅಂದಿನಿಂದ ನಮ್ಮಲ್ಲಿ ಕೆಲವು ಕ್ರಮಗಳು ಬದಲಾದವು. ಕನ್ನಡಕ ಮತ್ತು ಕಿವಿಯ ಯಂತ್ರ ಥಿಯೇಟರ್ ಬಾಗಿಲವರೆಗೆ ಬರಬೇಕು, ಎಚ್ಚರವಾದ ಕೂಡಲೇ ಮುಖಕ್ಕೆ ಹೋಗಬೇಕು. ಹಾಸಿಗೆಯಿಂದ ಆದಷ್ಟು ಬೇಗ ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಬೇಕು. ನಾನು ಇನ್ನೊಂದು ಪರೀಕ್ಷೆ ಸೇರಿಸಿಕೊಂಡೆ, ಅದು ಯಾವ ಪುಸ್ತಕದಲ್ಲೂ ಇಲ್ಲ. ಅಜ್ಜಿಯರಿಗೆ, “ತುರುಬು ಬಿಚ್ಚಿ ಮತ್ತೆ ಕಟ್ಟಿಕೊಳ್ಳಿ” ಎನ್ನುತ್ತಿದ್ದೆ. ತೋಳು ಎಷ್ಟು ಎತ್ತರಕ್ಕೆ ಹೋಗುತ್ತದೆ, ಬೆರಳಿಗೆ ಎಷ್ಟು ಕಸುವಿದೆ, ಮಧ್ಯದಲ್ಲಿ ಏನು ಮಾಡುತ್ತಿದ್ದೆ ಎಂದು ಮರೆಯುತ್ತಾರಾ, ಚೆನ್ನಾಗಿ ಕಾಣಬೇಕೆಂಬ ಆಸೆ ಉಳಿದಿದೆಯಾ, ಎಲ್ಲವೂ ಅದರಲ್ಲಿ ಗೊತ್ತಾಗುತ್ತದೆ. ತಾತಂದಿರಿಗೆ ಅಂಗಿಯ ಗುಂಡಿ. ಚೀಫ್ ನಕ್ಕು, “ಮೇಡಂ, ಇದು ಬ್ಯೂಟಿ ಪಾರ್ಲರ್ ಅಲ್ಲ” ಎನ್ನುತ್ತಿದ್ದರು.

ಡೆಂಕಣಿಕೋಟೆಯ ಆಚೆಯ ಹಳ್ಳಿಯಿಂದ ಚಿಕ್ಕತಾಯಮ್ಮ ಬಂದಾಗ ನಾನು ರಿಟೈರ್ ಆಗಲು ಹೆಚ್ಚು ಕಾಲವಿರಲಿಲ್ಲ. ವಯಸ್ಸು ತೊಂಬತ್ತರ ಆಚೆಗೋ ಈಚೆಗೋ. ದೊಡ್ಡ ಕರುಳಿನ ಬಲಭಾಗದಲ್ಲಿ ಕ್ಯಾನ್ಸರ್ ಗಡ್ಡೆ. ಒಳಗೊಳಗೇ ರಕ್ತ ಹೋಗಿ ಮೈ ಬಿಳಿಚಿಕೊಂಡಿತ್ತು. ಆಪರೇಷನ್ ಮಾಡದಿದ್ದರೆ ಒಂದು ದಿನ ಗಡ್ಡೆ ಕರುಳನ್ನು ಪೂರ್ತಿ ಮುಚ್ಚಿಬಿಡುತ್ತದೆ, ಆ ಸಾವು ಸುಲಭದ್ದಲ್ಲ. ಮಾಡಿದರೆ ಮೇಷ್ಟ್ರ ಕಥೆಯಾಗಬಹುದು. ಜೊತೆಗೆ ಬಂದವರು ಮಗ ಮುನಿಯಪ್ಪ, ಅವನಿಗೇ ಎಪ್ಪತ್ತರ ಹತ್ತಿರ, ಮತ್ತು ಅವನ ಹೆಂಡತಿ ಸರೋಜಮ್ಮ. ಮುನಿಯಪ್ಪ ನನ್ನನ್ನು ಬಾಗಿಲ ಹಿಂದಕ್ಕೆ ಕರೆದು, “ಅವ್ವಂಗೆ ಆ ಕಾಯ್ಲೆ ಹೆಸ್ರು ಹೇಳ್ಬ್ಯಾಡಿ ಮೇಡಂ. ಬರೀ ಗಡ್ಡೆ ಅನ್ನಿ. ಎದೆ ಒಡ್ಕಂಡ್ಬುಡ್ತದೆ” ಎಂದು ಕೈ ಮುಗಿದ. ಎಲ್ಲ ಮಕ್ಕಳೂ ಹೀಗೇ ಹೇಳುತ್ತಾರೆ. ನಾನು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ.

ತುರುಬು ಕಟ್ಟಲು ಹೇಳಿದೆ. ಚಿಕ್ಕತಾಯಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಏನವ್ವಾ, ಹೊಟ್ಟೆ ಕುಯ್ಯಾಕ್ ಬಂದಿದ್ದೀಯೋ, ಜಡೆ ಹೆಣೆಯಾಕ್ ಬಂದಿದ್ದೀಯೋ?”

“ಕಟ್ಟಿ ಅಜ್ಜಿ, ನೋಡೋಣ.”

“ನೋಡ್ಕೋ. ನಿನ್ ತಲೆಗಿಂತ ನನ್ ತಲೇಲೇ ಕೂದ್ಲು ಜಾಸ್ತಿ ಐತೆ.” ಎರಡು ಸುತ್ತು ಸುತ್ತಿ, ಬೆಳ್ಳಿದಾರದಂಥ ಕೂದಲನ್ನು ಗಂಟು ಹಾಕಿ, ಸೊಸೆಯ ಕಡೆ ತಿರುಗಿ, “ಸರೋಜಿ, ನೆಟ್ಗೈತೇನೇ?” ಎಂದು ಕೇಳಿದರು.

“ಒಸಿ ಎಡಕ್ ಐತೆ ಅತ್ತೆ.”

“ನಿನ್ ಕಣ್ಣು ಎಡಕ್ ಐತೆ.”

ನಾನು ಫಿಟ್ ಎಂದು ಬರೆದೆ. ರಕ್ತ ಕೊಟ್ಟೆವು, ದಿನ ಗೊತ್ತುಮಾಡಿದೆವು.

ಈಗ ಉಪವಾಸದ ಮಾತು. ನಾನು ಕಲಿತ ಕಾಲದಲ್ಲಿ ಆಪರೇಷನ್ನಿಗೆ ಹಿಂದಿನ ಸಂಜೆಯಿಂದಲೇ ಬಾಯಿ ಬಂದ್. ಹೊಟ್ಟೆಯಲ್ಲಿ ಏನಾದರೂ ಇದ್ದರೆ ಮತ್ತು ಹತ್ತುವಾಗ ಅದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ತೊಂಬತ್ತರ ಶ್ವಾಸಕೋಶ ಅದನ್ನು ತಡೆಯುವುದಿಲ್ಲ. ಆದರೆ ಅಷ್ಟು ಹೊತ್ತು ಒಣಗಿಸಿದರೆ ಮುದಿಜೀವಕ್ಕೆ ಬಿಪಿ ಬೀಳುತ್ತದೆ, ಬುದ್ಧಿ ಕದಡುತ್ತದೆ ಎಂದು ಆಮೇಲೆ ತಿಳಿಯಿತು. ಹಾಗಾಗಿ ಹೊಸ ಕ್ರಮ: ಊಟ ಬೇಡ, ತಿಳಿಯಾದ ನೀರು ಮಾತ್ರ ಆಪರೇಷನ್ನಿಗೆ ಕೊಂಚ ಮುಂಚಿನವರೆಗೂ ಕುಡಿಯಬಹುದು. ಅದನ್ನು ನಮ್ಮ ಆಸ್ಪತ್ರೆಯಲ್ಲಿ ತರಲು ನಾನು ಚೀಫ್ ಜೊತೆ ಜಗಳವಾಡಿದ್ದೆ, ಗೆದ್ದಿದ್ದೆ.

ಆಪರೇಷನ್ ದಿನ ಬೆಳಿಗ್ಗೆ ಟ್ರಾಲಿ ಬಂತು. ಮತ್ತು ಕೊಡುವವರು ಮೊದಲು ಬಾಯಿ ನೋಡಬೇಕು. ಹಲ್ಲು ಅಲ್ಲಾಡುತ್ತದೆಯಾ, ಟ್ಯೂಬ್ ಹೋಗಲು ಜಾಗವಿದೆಯಾ ಎಂದು. “ಆ ಅನ್ನಿ ಅಜ್ಜಿ” ಎಂದೆ. ನಾಲಿಗೆಯ ಮೇಲೆ ಕಂದು ಬಣ್ಣದ ತೆಳುಪೊರೆ. ಮೂಗಿಗೆ ಮಜ್ಜಿಗೆಯ ಹುಳಿವಾಸನೆ.

ಹೊರಗೆ ಹೋಗಿ, “ಸರೋಜಮ್ಮ, ಏನು ಕೊಟ್ಟಿರಿ?” ಎಂದೆ.

“ಊಟ ಕೊಟ್ಟಿಲ್ಲ ಡಾಕ್ಟ್ರೇ, ದೇವ್ರಾಣೆ! ಇಟ್ಟು ಮುಟ್ಸಿಲ್ಲ, ಅನ್ನ ಮುಟ್ಸಿಲ್ಲ. ಒಂದ್ ಚೊಂಬು ಅಂಬ್ಲಿ, ಅಷ್ಟೇ. ಅದೂ ನೀರ್ ಉಯ್ದು ಉಯ್ದು ತೆಳ್ಳಗ್ ಮಾಡಿವ್ನಿ.”

ರಾಗಿ ತಿನ್ನುವ ಮನೆಗಳಲ್ಲಿ ಊಟವೆಂದರೆ ಮುದ್ದೆ. ಅಂಬಲಿ ಊಟದ ಲೆಕ್ಕಕ್ಕೆ ಬರುವುದಿಲ್ಲ, ದಾಹಕ್ಕೆ ಕುಡಿಯುವುದು ಅದು. ವಾರ್ಡಿನ ತಮಿಳು ನರ್ಸ್ ಹುಡುಗಿ ಊಟ ಬೇಡ, ನೀರು ಕೊಡಬಹುದು ಎಂದು ಸರಿಯಾಗಿಯೇ ಹೇಳಿದ್ದಳು. ಸರೋಜಮ್ಮನೂ ತನ್ನ ಲೆಕ್ಕದಲ್ಲಿ ಸರಿಯಾಗಿಯೇ ಮಾಡಿದ್ದಳು. ಚೀಫ್ ಗ್ಲೌಸ್ ಕಿತ್ತೆಸೆದು ಕೂಗಾಡಿದರು. “ಆಪರೇಷನ್ ಕ್ಯಾನ್ಸಲ್! ಮೇಡಂ, ನಿಮ್ಮ ನೀರಿನ ರೂಲ್ ನೋಡಿದಿರಾ? ವಾಟ್ ನಾನ್ಸೆನ್ಸ್!”

ಸರೋಜಮ್ಮ ಸೆರಗು ಬಾಯಿಗಿಟ್ಟುಕೊಂಡು ಅಳುತ್ತಿದ್ದಳು. “ನಮ್ ಮನೆಯಾಗೆ ಯಾರ್ನೂ ಹಸ್ದ ಹೊಟ್ಟೇಲಿ ಹೊಸ್ಲು ದಾಟ್ಸಾಕಿಲ್ಲ ಡಾಕ್ಟ್ರೇ. ನಾನ್ ಈ ಮನೆಗ್ ಬಂದ ದಿವ್ಸ ಅತ್ತೇನೇ ಹೇಳ್ಕೊಟ್ಟಿದ್ದು. ಇವತ್ತೇ ಏನಾದ್ರೂ ಆಗ್ಬುಟ್ಟು, ಹಸ್ಕಂಡ್ ಹೋದ್ರು ಅಂತ ಆದ್ರೆ ನಾನ್ ಹೆಂಗ್ ಬದ್ಕಲಿ?”

ಒಂದು ದಿನ ಮುಂದಕ್ಕೆ ಹೋಯಿತು. ಆ ಮಧ್ಯಾಹ್ನ ಥಿಯೇಟರ್ ಖಾಲಿ, ನನಗೆ ಬೇರೆ ಕೆಲಸವಿಲ್ಲ. ಚಿಕ್ಕತಾಯಮ್ಮನ ಮಂಚದ ಪಕ್ಕ ಸ್ಟೂಲ್ ಎಳೆದುಕೊಂಡು ಕೂತೆ. ಅಷ್ಟು ವರ್ಷ ಕೆಲಸ ಮಾಡಿದ್ದರೂ ಆಪರೇಷನ್ನಿಗೆ ಮುಂಚೆ ಪೇಷೆಂಟ್ ಹತ್ತಿರ ಕೆಲಸವಿಲ್ಲದೆ ಕೂತಿದ್ದು ಅದೇ ಮೊದಲು ಎಂದು ಕಾಣುತ್ತದೆ. ನಮಗೆ ಪುರುಸೊತ್ತು ಎಲ್ಲಿರುತ್ತದೆ?

“ಮುನಿಯ ಏನಂತ ಹೇಳ್ಕೊಟ್ಟವ್ನೆ ನಿಂಗೆ? ಗಡ್ಡೆ ಅಂತ್ಲಾ?” ಎಂದು ಅವರೇ ಶುರುಮಾಡಿದರು.

ನಾನು ಅವರ ಹೊದಿಕೆ ಸರಿಮಾಡಿದೆ.

“ಬರೀ ಗಡ್ಡೆ ನೋಡಾಕೆ ಕೆಲಮಂಗಲದ ನೆಂಟ್ರೆಲ್ಲಾ ಸೇಬು ತಕ್ಕಂಡ್ ಬತ್ತಾರಾ? ನನ್ ನಾದ್ನಿ ಹತ್ತೊರ್ಸದಿಂದ ಮಾತ್ ಬಿಟ್ಟಿದ್ಲು, ಅವ್ಳೂ ಬಂದು ಕಣ್ಣೀರ್ ಹಾಕ್ಬುಟ್ಟು ಹೋದ್ಲು. ಅವತ್ತೇ ಗೊತ್ತಾತು.” ನಕ್ಕರು. ಹಲ್ಲಿಲ್ಲದ ಬಾಯಿ, ಕಣ್ಣು ಮಾತ್ರ ನಗಲಿಲ್ಲ. “ನಾನ್ ಗೊತ್ತಿಲ್ದಂಗ್ ಇದ್ದೀನಿ. ಪಾಪ, ಅವ್ನು ಅಷ್ಟ್ ಕಷ್ಟ ಬಿದ್ದು ಮುಚ್ಚಿಕ್ಕವ್ನೆ.”

“ಭಯ ಇದೆಯಾ ಅಜ್ಜಿ?”

“ಸಾಯಾಕಾ? ಅದ್ಕಲ್ಲ ಕಣವ್ವ.” ಸೊಸೆ ದೂರದಲ್ಲಿದ್ದಾಳೆಯೇ ಎಂದು ನೋಡಿ ದನಿ ತಗ್ಗಿಸಿದರು. “ಆ ಪಕ್ಕದ ಮಂಚದೋನ್ ಹೊಟ್ಟೆ ಮ್ಯಾಲೆ ಚೀಲ ಕಟ್ಟವ್ರಲ್ಲ. ಹೇಲು ಅದ್ರಾಗೇ ಬತ್ತದಂತೆ. ಅವನ ಹೆಂಡ್ತಿ ತೊಳೀತಾಳೆ. ನಂಗದು ಬ್ಯಾಡ. ಸರೋಜಿ ಕೈಲಿ ಅದನ್ನ ತೊಳಿಸ್ಕಂಡು ನಾನ್ ಇರಾಕಿಲ್ಲ. ಅವ್ಳನ್ನ ನಾನ್ ಬೈದಿರೋ ಬೈಗ್ಳ ಒಂದಾ ಎರಡಾ! ನನ್ ಕಾಲ್ನಾಗ್ ನಾನ್ ಹಿತ್ಲಿಗ್ ಹೋಗಿ ಬರ್ಬೇಕು. ಅಷ್ಟಾದ್ರೆ ಸಾಕು. ಅಷ್ಟಾಗಾಕಿಲ್ಲ ಅಂದ್ರೆ ಎಬ್ಬಿಸ್ಬ್ಯಾಡ.”

“ಚೀಲ ಇಟ್ಟರೆ ಕೆಲವು ಸಲ ಜೀವ ಉಳಿಯುತ್ತೆ ಅಜ್ಜಿ. ತೊಂದರೆಯಾದರೆ ಅದೇ ಸೇಫ್.”

“ಯಾರ್ಗೆ ಸೇಪು?”

ನಾನು ಪ್ರಾಮಿಸ್ ಮಾಡಲಿಲ್ಲ. ಎಳೆಯರೇ, ಎಂದೂ ಮಾಡಬೇಡಿ. ಟೇಬಲ್ಲಿನ ಮೇಲೆ ಏನಾಗುತ್ತದೆಂದು ಯಾರಿಗೂ ಗೊತ್ತಿಲ್ಲ. ನಾನು ಹೇಳಿದ್ದಿಷ್ಟು: “ನೀವು ಹೇಳಿದ್ದು ನನಗೆ ನೆನಪಿರುತ್ತೆ. ಡಾಕ್ಟರಿಗೂ ಹೇಳ್ತೀನಿ.” ಅದೇ ಸಂಜೆ ಚೀಫ್‌ಗೆ ಹೇಳಿದೆ. “ಐ ವಿಲ್ ಟ್ರೈ” ಎಂದರು, ಕಣ್ಣು ಸ್ಕ್ಯಾನಿನ ಮೇಲಿತ್ತು. ಮುನಿಯಪ್ಪನಿಗೂ ಹೇಳಿದೆ. ಅವನು ಕಾರಿಡಾರಿನ ಬೆಂಚಿನಲ್ಲಿ ಕುಸಿದು ಕೂತು, “ಅಂದ್ರೆ ಅವ್ವಂಗೆ ಗೊತ್ತು” ಎಂದು ಎರಡು ಸಲ ಹೇಳಿಕೊಂಡ. ಆಮೇಲೆ ಮುಖ ಒರೆಸಿಕೊಂಡು, “ಅವ್ವ ಹೇಳ್ದಂಗೇ ಆಗ್ಲಿ” ಎಂದ.

ಬೆಳಗಾಗುವಷ್ಟರಲ್ಲಿ ಹೊಟ್ಟೆ ಉಬ್ಬಿತ್ತು, ವಾಂತಿಯಾಗಿತ್ತು. ಗಡ್ಡೆ ದಾರಿ ಮುಚ್ಚತೊಡಗಿತ್ತು. ಇನ್ನು ಕಾಯುವಂತಿಲ್ಲ. ಮೂಗಿನಿಂದ ಟ್ಯೂಬ್ ಹಾಕಿ ಹೊಟ್ಟೆ ಖಾಲಿಮಾಡಿ ಮತ್ತು ಕೊಟ್ಟೆ. ಕಣ್ಣು ಮುಚ್ಚುವ ಮುನ್ನ ಚಿಕ್ಕತಾಯಮ್ಮ ನನ್ನ ಮಾಸ್ಕ್ ಕಡೆ ನೋಡಿದರು.

ಗಡ್ಡೆ ಹೊರಗೆ ಬರುವ ಹೊತ್ತಿಗೆ ಬಿಪಿ ಜಾರತೊಡಗಿತು. ಔಷಧಿ ಏರಿಸಿದೆ, ರಕ್ತ ಹರಿಸಿದೆ, ಮತ್ತಿನ ಗ್ಯಾಸ್ ಕಡಿಮೆ ಮಾಡಿದೆ. ಚೀಫ್ ತಲೆ ಎತ್ತದೆ, “ಮೇಡಂ, ಈ ಪ್ರೆಷರ್‌ನಲ್ಲಿ ನಾನು ಕರುಳು ಜೋಡಿಸಲ್ಲ. ಜೋಡಿಸಿದ ಕಡೆ ರಕ್ತ ಓಡದಿದ್ದರೆ ಹೊಲಿಗೆ ಬಿಡುತ್ತೆ, ಲೀಕ್ ಆಗಿ ಸಾಯ್ತಾರೆ. ಬ್ಯಾಗ್ ಇಟ್ಟು ಮುಗಿಸೋಣ” ಎಂದರು.

ಅವರು ಹೇಳಿದ್ದು ಸರಿ. ಯಾವ ಪರೀಕ್ಷೆಯಲ್ಲಾದರೂ ಅದಕ್ಕೇ ಮಾರ್ಕ್ಸ್.

“ಸರ್, ಸ್ವಲ್ಪ ಕಾಯಿರಿ,” ಎಂದೆ. “ಏನೂ ಮಾಡಬೇಡಿ. ಬಿಸಿನೀರಿನ ಬಟ್ಟೆ ಮುಚ್ಚಿ ನಿಲ್ಲಿ.”

“ಎಷ್ಟು ಹೊತ್ತು?”

“ನಾನು ಹೇಳೋವರೆಗೆ. ಆಮೇಲೂ ಏರದಿದ್ದರೆ ಬ್ಯಾಗ್ ಇಡಿ, ನಾನು ಮಾತಾಡಲ್ಲ.”

ಸೆಲ್ವರಾಜ್ ಜೀವನದಲ್ಲಿ ಯಾರಿಗೂ ಕಾದವರಲ್ಲ. ಅಂದು ಕೈ ಕಟ್ಟಿ ನಿಂತರು. ಆ ಹೊತ್ತಿನಲ್ಲಿ ನಾನು ಹೆದರಿದಷ್ಟು ಎಂದೂ ಹೆದರಿಲ್ಲ. ಜೋಡಿಸಿ ಅದು ಬಿಟ್ಟುಕೊಂಡರೆ ನಾನು ಅವರನ್ನು ಕೊಂದಂತೆ. ಜೋಡಿಸದಿದ್ದರೆ ಬೇಡವೆಂದ ಬದುಕನ್ನು ಅವರ ಹೊಟ್ಟೆಗೆ ಕಟ್ಟಿದಂತೆ. ನಾನು ಕಾನ್ವೆಂಟಿನಲ್ಲಿ ಬಾಯಿಪಾಠ ಮಾಡಿದ್ದ ಪ್ರೇಯರ್ ಅರ್ಧಕ್ಕೇ ಮರೆತುಹೋಯಿತು. ಆಮೇಲೆ ಪ್ರೆಷರ್ ಮೆಲ್ಲಗೆ ಏರಿತು. ನಿಂತಿತು. ಔಷಧಿ ಇಳಿಸಿದೆ, ಆದರೂ ನಿಂತಿತು.

ಚೀಫ್ ಬಟ್ಟೆ ಸರಿಸಿ ಕರುಳಿನ ಅಂಚನ್ನು ನೋಡಿದರು. ನಸುಗೆಂಪು, ರಕ್ತ ಜಿನುಗುತ್ತಿತ್ತು. “ಓಕೆ. ಜೋಡಿಸ್ತೀನಿ,” ಎಂದರು. ಸೂಜಿ ಕೇಳಿ, “ಲೀಕ್ ಆದರೆ ಇದು ನಿಮ್ಮ ಕೇಸ್, ಮೇಡಂ” ಎಂದೂ ಸೇರಿಸಿದರು.

ಮುಂದಿನ ದಿನಗಳನ್ನು ಹೇಗೆ ಕಳೆದೆನೋ. ಲೀಕ್ ಆಗುವುದಿದ್ದರೆ ಕೂಡಲೇ ಗೊತ್ತಾಗುವುದಿಲ್ಲ, ದಿನಗಟ್ಟಲೆ ಕಾಯಿಸುತ್ತದೆ. ದಿನಕ್ಕೆ ಎಷ್ಟು ಬಾರಿ ಹೊಟ್ಟೆ ಮುಟ್ಟಿ ನೋಡುತ್ತಿದ್ದೆನೋ ಲೆಕ್ಕವಿಲ್ಲ. ಸರೋಜಮ್ಮ, “ನೀವ್ ಊಟ ಮಾಡಿದ್ರಾ ಡಾಕ್ಟ್ರೇ?” ಎಂದು ನನ್ನನ್ನೇ ವಿಚಾರಿಸುತ್ತಿದ್ದಳು.

ಎರಡನೆಯ ಸಂಜೆ ಹೊತ್ತು ಮುಳುಗುವಾಗ ವಾರ್ಡಿನಿಂದ ತಟಪಟ ಸದ್ದು. ಓಡಿದೆ. ಚಿಕ್ಕತಾಯಮ್ಮ ಸ್ಟೀಲ್ ಟ್ರೇ ಕೈಗೆ ತೆಗೆದುಕೊಂಡು ಮಂಚದ ಕಂಬಿಗೆ ಬಡಿಯುತ್ತಿದ್ದರು. “ಬಂದ್ವು ಕಣ್ಲಾ! ಹೊಲಕ್ ನುಗ್ಗಿದ್ವು! ಡಬ್ಬ ಬಡೀರ್ಲಾ ಮುನಿಯ, ಪಟಾಕಿ ಹಚ್ಲಾ!” ಅವರ ಊರಿನಲ್ಲಿ ರಾಗಿ ತೆನೆ ಕಟ್ಟಿದಾಗ ಕಾಡಿನಿಂದ ಆನೆ ಇಳಿಯುತ್ತದೆ, ಅಜ್ಜಿ ಮೊನ್ನೆಮೊನ್ನೆವರೆಗೂ ಅಟ್ಟಣೆ ಕಾದವರು. ಅಜ್ಜಿಯರನ್ನು ತಮಿಳಿನಲ್ಲಿ ಪಾಟಿ ಎಂದೇ ಕರೆಯುವ ನರ್ಸ್ ಹುಡುಗಿ ಗಾಬರಿಯಿಂದ, “ಮೇಡಂ, ಪಾಟಿ ಕೈ ಕಟ್ಟಿಹಾಕಲಾ? ಟ್ಯೂಬ್ ಕಿತ್ತುಕೊಳ್ತಾರೆ” ಎಂದಳು. ನನ್ನ ಕಣ್ಣ ಮುಂದೆ ಮೇಷ್ಟ್ರು ಗೋಡೆಯ ಕಡೆ ತಿರುಗಿ ಮಲಗಿದ್ದರು. ಒಳಗೆ ಲೀಕ್ ಆಗಿ ಸೋಂಕು ತಲೆಗೇರಿದರೂ ಹೀಗೇ ಆಗುತ್ತದೆ. ಜ್ವರ ನೋಡಿದೆ, ಇಲ್ಲ. ಹೊಟ್ಟೆ ಮೆತ್ತಗಿತ್ತು.

“ಕಟ್ಟಬೇಡ. ಲೈಟ್ ಹಾಕು. ಕನ್ನಡಕ ಎಲ್ಲಿ?”

ಸರೋಜಮ್ಮ ಕನ್ನಡಕ ಹಾಕಿದಳು. ಅತ್ತೆಯ ಹಿಂದೆ ಮಂಚದ ಮೇಲೇರಿ ಕೂತು, ಕೆದರಿದ ಕೂದಲನ್ನು ಬಾಚಿ ತುರುಬು ಕಟ್ಟುತ್ತಾ, “ವೋದ್ವು ಅತ್ತೆ, ಆನೆ ವೋದ್ವು. ಗೌಡ್ರ ಹೊಲದ್ ಕಡೆ ವೋದ್ವು” ಎಂದಳು.

ಟ್ರೇ ನಿಂತಿತು. “ಗೌಡನ್ ಹೊಲಕ್ಕಾ?”

“ಹೂಂ.”

“ವೋಗ್ಲಿ ಬುಡು. ಬಡ್ಡೀಮಗ, ನಮ್ ಹೊಲದ್ ಬದ ಒತ್ತಿದ್ದ.”

ಆಮೇಲೂ ಕೆಲವು ಸಂಜೆ ಆನೆಗಳು ಬಂದವು. ಪ್ರತಿಸಲವೂ ಸರೋಜಮ್ಮ ಅವನ್ನು ಗೌಡರ ಹೊಲಕ್ಕೆ ಅಟ್ಟಿದಳು. ಕುರ್ಚಿಯಲ್ಲಿ ಕೂರಿಸಿದೆವು, ಹಿಡಿದು ನಿಲ್ಲಿಸಿದೆವು, ನಡೆಸಿದೆವು. ಅಂಬಲಿ ಕುಡಿಯಲು ಚೀಫ್ ಅವರೇ ಪರ್ಮಿಷನ್ ಕೊಟ್ಟರು. ಆದರೂ ನನಗೆ ನಂಬಿಕೆ ಬಂದಿರಲಿಲ್ಲ. ತೊಂಬತ್ತರವರು ಸರಿಯಾದರು ಎನ್ನುವಷ್ಟರಲ್ಲಿ ಕೈತಪ್ಪುವುದನ್ನು ಬಹಳ ಸಲ ನೋಡಿದ್ದೆ.

ಚಿಕ್ಕತಾಯಮ್ಮ ಆಮೇಲೆ ಎರಡು ರಾಗಿ ಕಟಾವು ನೋಡಿ, ಮನೆಯಲ್ಲೇ ತೀರಿಕೊಂಡರು ಎಂದು ಮುನಿಯಪ್ಪ ಫೋನ್ ಮಾಡಿ ತಿಳಿಸಿದ. ಎರಡೇ ಕಟಾವಿಗೆ ಇಷ್ಟೆಲ್ಲ ಬೇಕಿತ್ತೇ ಎಂದು ಜೂನಿಯರ್ ಒಬ್ಬ ಕೇಳಿದ್ದ. ಅವನಿಗೆ ಆಸ್ಪತ್ರೆಯ ಒಂದು ಬೆಳಿಗ್ಗೆಯನ್ನು ಹೇಳಿದೆ, ನಿಮಗೂ ಹೇಳುತ್ತೇನೆ.

ರೌಂಡ್ಸ್‌ಗೆ ಹೋದಾಗ ಮಂಚ ಖಾಲಿ. ಸರೋಜಮ್ಮ ಕಾಫಿ ತರಲು ಹೋಗಿದ್ದಳು. ಟಾಯ್ಲೆಟ್ ಬಾಗಿಲು ಒಳಗಿನಿಂದ ಬೋಲ್ಟ್. ನರ್ಸ್ ತಟ್ಟಿದಳು, “ಪಾಟಿ! ಪಾಟಿ!” ಉತ್ತರವಿಲ್ಲ. ಒದ್ದೆ ನೆಲ, ಸವೆದ ಮೂಳೆ, ಹೊಸ ಹೊಲಿಗೆ. ವಾರ್ಡ್‌ಬಾಯ್ ಬಾಗಿಲು ಒಡೆಯಲು ಭುಜ ಕೊಟ್ಟ. ಸರೋಜಮ್ಮ ಓಡಿ ಬಂದಳು, ಕೈಯಲ್ಲಿದ್ದ ಕಾಫಿ ಅವಳ ಸೀರೆಯ ಮೇಲೇ. ಚೀಫ್ ಬಂದು ನಿಂತರು. ನಾನು ಬಾಗಿಲಿಗೆ ಕಿವಿಯಿಟ್ಟು, “ಅಜ್ಜಿ, ಬಿದ್ದಿರಾ? ಅಜ್ಜಿ!” ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಒಳಗೆ ನೀರು ಸುರಿದ ಸದ್ದು. ಮಗ್ಗು ಬಕೆಟ್ಟಿಗೆ ತಗುಲಿದ ಸದ್ದು. ಆಮೇಲೆ, “ಸುಮ್ಕಿರ್ರೇ ಒಸಿ! ಇಲ್ಲಾದ್ರೂ ಒಬ್ಳನ್ನೇ ಬುಡ್ರೇ!”

ಸರೋಜಮ್ಮ ಗೋಡೆಗೆ ಒರಗಿ ನಗತೊಡಗಿದಳು, ನಗುತ್ತಲೇ ಅತ್ತಳು. ಚೀಫ್ ವಾರ್ಡ್‌ಬಾಯ್‌ನ ಭುಜ ಹಿಡಿದು ಹಿಂದಕ್ಕೆ ಎಳೆದರು. ಬಾಗಿಲು ತೆಗೆಯುವವರೆಗೆ ನಾವೆಲ್ಲ ಅಲ್ಲೇ, ಬಾಯಿ ಮುಚ್ಚಿಕೊಂಡು, ಅವರ ಹೊತ್ತಿಗೆ ಕಾದು ನಿಂತೆವು.